ಹತ್ತನ್ನು ಬಿಡು, ಒಂದನ್ನು ನೋಡು

ಸ್ಯಾನ್ ಆಂಟೋನಿಯೋ
ಸೆಪ್ಟೆಂಬರ್ ಕೊನೆ, ಭಾನುವಾರ

ಪ್ರೀತಿಯ ಪುಟ್ಟಿ,

ನಿನ್ನ ಪಟ್ಟಿ ಬಂತು. ಮೂರು ಸ್ಕೋಪುಗಳ ಹೆಸರು, ಎದುರಿಗೆ ಬೆಲೆ, ತೂಕ, ಕೊಳವೆಯ ದಪ್ಪ, ಎಲ್ಲವನ್ನೂ ಎಕ್ಸೆಲ್‌ನಲ್ಲಿ ಚೊಕ್ಕವಾಗಿ ತುಂಬಿ, ಕೆಳಗೆ “1-10 ತಗೊಂಡುಬಿಟ್ಟರೆ ಎಲ್ಲದಕ್ಕೂ ಆಯ್ತಲ್ಲ ಮಾವ?” ಎಂದು ಕೇಳಿದ್ದೀಯ. ಫೋನಿನಲ್ಲಿ ಹೇಳೋಣವೆಂದರೆ ನೀನು ಯಾವಾಗಲೂ ಮೀಟಿಂಗಿನಲ್ಲಿರುವವಳು. ಅದಕ್ಕೇ ಬರೆಯುತ್ತಿದ್ದೇನೆ. ಉದ್ದವಾಯಿತು ಎನಿಸಿದರೆ ಎರಡು ಕಂತಿನಲ್ಲಿ ಓದು.

1-10 ಬೇಡ. ಆ ಸ್ಕೋಪು ಕೆಟ್ಟದ್ದೆಂದು ಹೇಳುತ್ತಿಲ್ಲ, ನಿನ್ನ ಪಟ್ಟಿಯಲ್ಲಿ ಎಲ್ಲಕ್ಕಿಂತ ಒಳ್ಳೆಯ ಗಾಜು ಬಹುಶಃ ಅದರದೇ. ಆದರೆ ನೀನು ಪಟ್ಟಿಯನ್ನು ಬಲಗಡೆಯ ಅಂಕಿಯಿಂದ, ಅಂದರೆ ಹೆಚ್ಚೆಂದರೆ ಎಷ್ಟು ಪಟ್ಟು ದೊಡ್ಡದಾಗಿ ತೋರಿಸುತ್ತದೆ ಎನ್ನುವುದರಿಂದ, ಓದಿದ್ದೀಯ: ಹತ್ತು, ಆರು, ಆರು. ನಾನು ಎಡಗಡೆಯದನ್ನು ನೋಡುತ್ತೇನೆ. ಮೂರರಲ್ಲೂ ಅಲ್ಲಿ ಬರೆದಿರುವುದು 1. ಬರೆದದ್ದು ಒಂದೇ ಆದರೂ ಕಣ್ಣಿಟ್ಟು ನೋಡಿದರೆ ಮೂರರ 1 ಮೂರು ಥರ ಇರುತ್ತದೆ, ಎಕ್ಸೆಲ್‌ನಲ್ಲಿ ಅದು ಗೊತ್ತಾಗುವುದಿಲ್ಲ. ಇಂಥ ಕಡಿಮೆ ಪವರಿನ ಸ್ಕೋಪಿಗೆ ಜನ ಅಷ್ಟು ದುಡ್ಡು ಕೊಡುವುದೇ ಆ ಒಂದಕ್ಕಾಗಿ. ಬರೀ ದೂರದ್ದು ಕಂಡರೆ ಸಾಕಿದ್ದರೆ ಇದರ ಕಾಲು ಬೆಲೆಗೆ ಮಾಮೂಲಿ 3-9×40 ಸಿಗುತ್ತದೆ. ಟೆಕ್ಸಸ್ಸಿನಲ್ಲಿ ತಲೆಮಾರುಗಟ್ಟಲೆ ಜಿಂಕೆ ಹೊಡೆದವರು ಅದರಲ್ಲೇ ಹೊಡೆದಿದ್ದಾರೆ.

ನೀನು ಈಡು ಹೊಡೆಯುವ ಜಾಗ ಯಾವುದು, ಅದನ್ನು ನೋಡೋಣ. ಲಾನೋ ಹತ್ತಿರ ನಿನ್ನ ಸಹೋದ್ಯೋಗಿಯ ಅಪ್ಪನ ರ‍್ಯಾಂಚು. ಮೆಸ್ಕೀಟ್ ಮುಳ್ಳು, ಅಲ್ಲಿಯವರು ಸೀಡರ್ ಎನ್ನುವ ಜುನಿಪರ್ ಪೊದೆ, ಪಾಪಾಸುಕಳ್ಳಿ, ನಡುನಡುವೆ ಕೆಂಪು ಗ್ರಾನೈಟಿನ ಬೋಳುಬಂಡೆ. ಒಂದು ಕಡೆ ಮುಸುಕಿನ ಜೋಳ ಚೆಲ್ಲುವ ಫೀಡರು, ಅದಕ್ಕೆ ಎಂಬತ್ತು ಗಜ ದೂರದಲ್ಲಿ ಕಾದು ಕೂರುವ ತಗಡಿನ ಗೂಡು. ನಮ್ಮ ಕಡೆ ಮರಸು ಕೂರುತ್ತಿದ್ದರಲ್ಲ, ಅದೇ ಕೆಲಸ, ಕುರ್ಚಿಯೊಂದು ಹೆಚ್ಚು. ಇನ್ನೊಂದು ಸಂದರ್ಭ, ಸಂಜೆ ಮುಂದೆ ಒಣಹಳ್ಳದ ದಂಡೆ ಹಿಡಿದು ನಡೆಯುವಾಗ ಸೀಡರ್ ಪೊದೆಯೊಳಗಿಂದ ಹಂದಿಹಿಂಡು ಎದ್ದು ಬರುವುದು. ಊರಲ್ಲಿ ಹಳು ನುಗ್ಗಿಸಿ ಹಂದಿ ಎಬ್ಬಿಸಿದಾಗ ಬಿಲ್ಲಿಗೆ ಕಾದು ನಿಂತವರಿಗೆ ಸಿಗುತ್ತಿದ್ದಷ್ಟೇ ಹೊತ್ತು ನಿನಗೂ ಸಿಗುತ್ತದೆ: ಉಸಿರು ಎಳೆದು ಬಿಡುವಷ್ಟು. ಆ ಜಾಗದಲ್ಲಿ ನೂರೈವತ್ತು ಗಜ ಮೀರಿದ ಈಡು ನಿನಗೆ ಸಿಗುವುದೇ ಅಪರೂಪ. ಸಿಕ್ಕರೂ 6 ಪವರಿನಲ್ಲಿ ಆ ದೂರದ ಹಂದಿಯ ಕಿವಿ ಎಣಿಸಬಹುದು.

ಈಗ ಒಂದು ಲೆಕ್ಕ. 3-9×40 ಅನ್ನು ಕೆಳಗಿಳಿಸಿದರೆ 3ರವರೆಗೆ ಬರುತ್ತದೆ. ಆಗ 100 ಗಜ ದೂರದಲ್ಲಿ ಸುಮಾರು 33 ಅಡಿ ಅಗಲದಷ್ಟು ಕಾಣುತ್ತದೆ. ಹಂದಿ 20 ಗಜಕ್ಕೆ ಬಂತೆನ್ನು, ಆ 33 ಅಡಿ ಆರೂವರೆ ಅಡಿಗೆ ಇಳಿಯಿತು. ಬಲಿತ ಹಂದಿಯೇ ಮೂತಿಯಿಂದ ಬಾಲಕ್ಕೆ ನಾಲ್ಕೈದು ಅಡಿ ಇರುತ್ತದೆ. ಕೋವಿ ಎತ್ತಿದರೆ ಗಾಜಿನ ತುಂಬ ಕಪ್ಪು ರೋಮ. ಅದು ಭುಜವೋ ತೊಡೆಯೋ, ಹಿಂದೆ ಇನ್ನೊಂದು ಹಂದಿ ಇದೆಯೋ ರ‍್ಯಾಂಚಿನ ನಾಯಿ ಇದೆಯೋ ತಿಳಿಯುವ ಹೊತ್ತಿಗೆ ಅದು ಹೊರಟುಹೋಗಿರುತ್ತದೆ. ನಿನ್ನ ಪಟ್ಟಿಯ ಎರಡನೆಯದು, ವೋರ್ಟೆಕ್ಸ್ ರೇಜರ್ 1-6×24, 1 ಪವರಿಗಿಟ್ಟರೆ 100 ಗಜದಲ್ಲಿ 115 ಅಡಿ ತೋರಿಸುತ್ತದೆ. ಇಪ್ಪತ್ತು ಗಜಕ್ಕೆ 23 ಅಡಿ ಆಯಿತು. ಹಂದಿ, ಅದರ ಹಿಂದಿನದು, ಪಕ್ಕದ ಪೊದೆ, ಆಚೆಯ ಬೇಲಿ ಎಲ್ಲ ಒಟ್ಟಿಗೆ ಕಣ್ಣಿಗೆ ಬೀಳುತ್ತವೆ. ಎರಡೂ ಕಣ್ಣು ತೆರೆದು ಹೊಡೆಯುವ ಅಭ್ಯಾಸವಾದರೆ ಎಡಗಣ್ಣು ಉಳಿದದ್ದನ್ನೂ ನೋಡಿಕೊಳ್ಳುತ್ತದೆ.

ಹಾಗಾದರೆ ಈ 8, 10ರ ಗದ್ದಲ ಎಲ್ಲಿಂದ ಬಂತು? ಯುರೋಪಿನಲ್ಲಿ ಹಂದಿ ಎಬ್ಬಿಸಿ ಹೊಡೆಯುವ ಬೇಟೆಗೆ 1ರಿಂದ 4 ಪವರಿನ ಸಣ್ಣ ಸ್ಕೋಪು ಹಾಕುವುದು ಹಳೆಯ ಪದ್ಧತಿ. ಆಫ್ರಿಕದಲ್ಲಿ ಕಾಡೆಮ್ಮೆಗೆ ಹೋಗುವವರ ದೊಡ್ಡ ರೈಫಲುಗಳ ಮೇಲೂ ಇಂಥದ್ದೇ ಇರುತ್ತಿತ್ತು. ಅಮೆರಿಕದಲ್ಲಿ ಓಡುತ್ತಾ ಹೊಡೆಯುವ ಸ್ಪರ್ಧೆಯವರು ಇದನ್ನು ಹಿಡಿದರು. ಆಮೇಲೆ ಸೈನ್ಯ ಬಂತು. 2020ರಲ್ಲಿ ಅಮೆರಿಕದ ಮರೀನ್ ಪಡೆ ಟ್ರಿಜಿಕಾನ್ ಕಂಪನಿಯ 1-8×28 ಸ್ಕೋಪನ್ನು ಆರಿಸಿಕೊಂಡಿತು: 6.4 ಕೋಟಿ ಡಾಲರಿಗೆ ಸುಮಾರು 19,000. ಎರಡು ವರ್ಷದ ನಂತರ ಭೂಸೇನೆ ತನ್ನ ಹೊಸ ರೈಫಲಿಗೆ ವೋರ್ಟೆಕ್ಸ್‌ನ 1-8×30 ತೆಗೆದುಕೊಂಡಿತು. ಅದರೊಳಗೇ ದೂರ ಅಳೆಯುವ ಲೇಸರು, ಗುಂಡು ಎಷ್ಟು ಇಳಿಯುತ್ತದೆಂದು ಲೆಕ್ಕ ಹಾಕುವ ಕಂಪ್ಯೂಟರು. ಬಾಗಿಲು ಒದ್ದು ಒಳನುಗ್ಗುವ ಸೈನಿಕನೇ ಮರುದಿನ ಬೆಟ್ಟದ ಮೇಲಿಂದ ಐನೂರು ಗಜಕ್ಕೆ ಹೊಡೆಯಬೇಕು, ಎರಡು ಕೋವಿ ಹೊರಲಾರ. ಅವನಿಗೆ ಎಂಟು ಬೇಕು, ನ್ಯಾಯವೇ. ಸೈನ್ಯ ಕೊಂಡದ್ದನ್ನು ನೋಡಿ ಅಂಗಡಿಗಳು ದೊಡ್ಡ ಅಂಕಿಯನ್ನು ಎತ್ತಿ ಹಿಡಿದವು. ಲಾನೋದ ಹಂದಿಗೆ ಇದ್ಯಾವುದರ ಸಂಬಂಧವೂ ಇಲ್ಲ ಮಾರಾಯ್ತಿ.

ಇನ್ನು ಅಂಗಡಿಯಲ್ಲಿ ಏನು ನೋಡಬೇಕು ಎನ್ನುವುದು. ಇದೇ ಮುಖ್ಯ, ನಿಧಾನವಾಗಿ ಓದು. ಕಟಕಟೆಯ ಆಚೆಯವನಿಗೆ ಹೇಳಿ, ಸ್ಕೋಪನ್ನು ಪ್ರದರ್ಶನಕ್ಕಿಟ್ಟ ಕೋವಿಯ ಮೇಲೆ ಕೂರಿಸಿದ್ದೇ ಕೊಡಲು ಕೇಳು. ಬರಿಗೈಯಲ್ಲಿ ಹಿಡಿದು ಕಣ್ಣಿಗಿಟ್ಟುಕೊಂಡು ನೋಡಿದರೆ ಏನೂ ತಿಳಿಯದು, ಎಲ್ಲ ಸ್ಕೋಪೂ ಚೆನ್ನಾಗಿಯೇ ಕಾಣುತ್ತದೆ. ಕೋವಿ ಕೈಗೆ ಬಂದೊಡನೆ ಬೋಲ್ಟ್ ಎಳೆದು ಖಾಲಿ ಇದೆಯೆಂದು ನೀನೂ ನೋಡು, ಅವನಿಗೂ ತೋರಿಸು. ಸ್ಕೋಪನ್ನು 1ಕ್ಕೆ ತಿರುಗಿಸು. ಜನ ಇಲ್ಲದ ಗೋಡೆಯ ಕಡೆ ತಿರುಗಿ, ಗೋಡೆಯಲ್ಲಿ ಒಂದು ಗುರುತು ಹಿಡಿದುಕೋ. ಕಣ್ಣು ಮುಚ್ಚು. ಕೋವಿ ಎತ್ತಿ ಭುಜಕ್ಕಿಟ್ಟು, ಕೆನ್ನೆ ಹಿಡಿಗೆ ಒತ್ತಿ, ಆಮೇಲೆ ಕಣ್ಣು ತೆರೆ. ನೋಟ ಪೂರ್ತಿ ತುಂಬಿ ಬಂತೇ? ಇಲ್ಲ, ಒಂದು ಪಕ್ಕದಲ್ಲಿ ಕಪ್ಪು ನೆರಳು ಕವಿದು, ಕತ್ತು ಹಿಂದೆ ಮುಂದೆ ಮಾಡಿ ಹುಡುಕಬೇಕಾಯಿತೇ? ಹುಡುಕಬೇಕಾಗಿ ಬಂದರೆ ಹಂದಿಯ ಮುಂದೆಯೂ ಹುಡುಕುತ್ತೀಯ. ಕೋವಿ ಎತ್ತಿದರೆ ಕಣ್ಣು ತಾನಾಗಿ ನಳಿಗೆಯ ಮೇಲೆ ಬಂದು ಕೂರಬೇಕು ಎಂದು ಅಜ್ಜಯ್ಯ ಹೇಳುತ್ತಿದ್ದರು. ಅವರು ಹೇಳಿದ್ದು ಜೋಡುನಳಿಗೆಯ ವಿಚಾರಕ್ಕೆ. ಸ್ಕೋಪಿಗೂ ನಾನು ಅದನ್ನೇ ಇಟ್ಟುಕೊಂಡಿದ್ದೇನೆ, ಬೇರೆ ಸೂತ್ರ ಬೇಕಾಗಿಲ್ಲ.

ಅದು ಸರಿ ಬಂದರೆ ಎರಡೂ ಕಣ್ಣು ತೆರೆದು ನೋಡು. ಬಲಗಣ್ಣಿನ ಗೋಡೆ, ಎಡಗಣ್ಣಿನ ಗೋಡೆ ಒಂದರ ಮೇಲೊಂದು ಸರಿಯಾಗಿ ಕೂರಬೇಕು. 1 ಎಂದು ಬರೆದ ಎಷ್ಟೋ ಸ್ಕೋಪು ನಿಜಕ್ಕೆ 1.1ರಷ್ಟು ಇರುತ್ತದೆ, ಆಗ ಒಂದು ಕಣ್ಣಿನ ಬಾಗಿಲು ಇನ್ನೊಂದಕ್ಕಿಂತ ಕೊಂಚ ದೊಡ್ಡದಾಗಿ ಕಂಡು, ಕೋವಿ ಅಡ್ಡ ತಿರುಗಿಸಿದಾಗ ತಲೆ ತಿರುಗಿದಂತಾಗುತ್ತದೆ. ಆಮೇಲೆ ಛಾವಣಿಯ ಟ್ಯೂಬ್‌ಲೈಟನ್ನು ನೋಟದ ಅಂಚಿಗೆ ತಂದು ನೋಡು. ನೇರ ಗೆರೆ ಅಂಚಿಗೆ ಬಂದಾಗ ಬಾಗುತ್ತದೆಯೇ? ಸ್ವಲ್ಪ ಬಾಗುವುದು ಎಲ್ಲದರಲ್ಲೂ ಉಂಟು. ಬಿಲ್ಲಿನ ಹಾಗೆ ಬಾಗಿದರೆ ಕೆಳಗಿಡು. ಪವರು ಬದಲಿಸುವ ಬಳೆಯನ್ನು ಎರಡು ಬೆರಳಿನಲ್ಲಿ ತಿರುಗಿಸಿ ನೋಡು. ಹೊಸದರಲ್ಲಿ ಬಿಗಿ ಇರುತ್ತದೆ, ಆದರೆ ಹಿಡಿಯೊಳಗಿಂದ ಕೈ ತೆಗೆಯಬೇಕಾಗುವಷ್ಟು ಬಿಗಿ ಇರಬಾರದು. ಇಷ್ಟು ಮಾಡುವಾಗ 6ರ ಕಡೆ ನೋಡುವ ಆಸೆಯಾಗುತ್ತದೆ, ಕೊನೆಗೆ ನೋಡು. ಆರಕ್ಕೆ ಎಲ್ಲವೂ ಹೊಂದಿಕೊಂಡೇ ಇರುತ್ತವೆ.

ಅಂಗಡಿಯವನು ನಿನಗೆ ಸ್ಕೋಪಿನ ಬದಲು ಬರೀ ಕೆಂಪು ಚುಕ್ಕಿ ತೋರಿಸುವ ರೆಡ್ ಡಾಟ್ ಹಿಡಿಸಲು ನೋಡಬಹುದು. ಹಗುರ, ಚಿಕ್ಕದು, ಹತ್ತಿರದ ಹಂದಿಗೆ ಅದಕ್ಕಿಂತ ವೇಗದ್ದು ಇಲ್ಲ ಎನ್ನುತ್ತಾನೆ. ಬೇರೆಯವರಿಗಾದರೆ ನಾನೂ ಹ್ಞೂಂ ಎನ್ನುತ್ತಿದ್ದೆ. ನಿನಗೆ ಚಿಕ್ಕಂದಿನಿಂದ ಅಸ್ಟಿಗ್ಮ್ಯಾಟಿಸಂ ಇದೆ. ಕಣ್ಣಿನ ಮುಂಭಾಗ ಪೂರ್ತಿ ಗುಂಡಗಿರದೆ ಒಂದು ದಿಕ್ಕಿಗೆ ಹೆಚ್ಚು ಬಾಗಿದ್ದರೆ ಒಂದೇ ಚುಕ್ಕಿಯ ಬೆಳಕು ಒಂದೇ ಕಡೆ ಕೂಡುವುದಿಲ್ಲ. ಕೆಂಪು ಚುಕ್ಕಿ ಕೋಡು ಕೋಡಾಗಿ ಹರಡಿ, ಕೆಲವರಿಗೆ ಎರಡು ಮೂರಾಗಿ ಕಾಣುತ್ತದೆ. ಕನ್ನಡಕ ಹಾಕಿದರೆ ಬಹುಪಾಲು ಸರಿಹೋಗುತ್ತದೆ, ನಿಜ. ಆದರೆ ಬೆವರಿ, ಆವಿ ಹಿಡಿದು, ನೀನು ಅದನ್ನು ತಲೆಯ ಮೇಲೆ ಏರಿಸಿಕೊಂಡಿರುವಾಗಲೇ ಹಂದಿ ಬರುತ್ತದೆ. ಸ್ಕೋಪಿನಲ್ಲಿ ಗುರಿಗೆರೆಯನ್ನು, ಅಂದರೆ ರೆಟಿಕಲ್ಲನ್ನು, ಗಾಜಿನ ಮೇಲೇ ಕೊರೆದಿರುತ್ತಾರೆ. ಕಣ್ಣಿನ ಕಡೆಯ ತುದಿಯನ್ನು ತಿರುಗಿಸಿ ಅದನ್ನು ನಿನ್ನ ದೃಷ್ಟಿಗೆ ಹೊಂದಿಸಿಕೊಳ್ಳಬಹುದು. ಗೆರೆಯ ನಡುವೆ ಉರಿಯುವ ಕೆಂಪು ದೀಪ ಹರಡಿದರೂ ಕಪ್ಪು ಗೆರೆ ಇದ್ದಲ್ಲೇ ಇರುತ್ತದೆ, ಬ್ಯಾಟರಿ ಸತ್ತರೂ ಇರುತ್ತದೆ. ನಿನ್ನ ಮಟ್ಟಿಗೆ ಸ್ಕೋಪು ಕೊಳ್ಳಲು ಇದೊಂದೇ ಕಾರಣ ಸಾಕು.

ಆ ತುದಿಯನ್ನು ಹೊಂದಿಸುವುದು ಹೀಗೆ: ಖಾಲಿ ಆಕಾಶದ ಕಡೆ (ಸೂರ್ಯನಿಗೆ ಬೆನ್ನು ಮಾಡಿ) ಒಮ್ಮೆ ಇಣುಕು, ಗೆರೆ ಮಬ್ಬಾಗಿದ್ದರೆ ಸ್ವಲ್ಪ ತಿರುಗಿಸು, ಕಣ್ಣು ತೆಗೆ, ಮತ್ತೆ ಇಣುಕು. ದಿಟ್ಟಿಸಿ ನೋಡುತ್ತಾ ತಿರುಗಿಸಬೇಡ. ಎರಡು ಕ್ಷಣ ದಿಟ್ಟಿಸಿದರೆ ಕಣ್ಣು ತಾನೇ ಮಬ್ಬಿಗೆ ಹೊಂದಿಕೊಂಡು “ಸರಿಯಾಗಿದೆ” ಎಂದು ಸುಳ್ಳು ಹೇಳುತ್ತದೆ.

ಈಗ ಅಂಗಡಿಯಲ್ಲಿ ನಿನ್ನನ್ನು ಗಲಿಬಿಲಿ ಮಾಡುವ ಎರಡು ಮಾತು, ಫಸ್ಟ್ ಫೋಕಲ್ ಪ್ಲೇನ್, ಸೆಕೆಂಡ್ ಫೋಕಲ್ ಪ್ಲೇನ್. ಪವರು ಹೆಚ್ಚಿಸುವ ಮಸೂರಗಳ ಮುಂದೆ ಗೆರೆ ಇದ್ದರೆ ಮೊದಲನೆಯದು, ಹಿಂದೆ, ಅಂದರೆ ನಿನ್ನ ಕಣ್ಣಿನ ಕಡೆ ಇದ್ದರೆ ಎರಡನೆಯದು. ಮೊದಲನೆಯದರಲ್ಲಿ ಗೆರೆ ಬಲೂನಿನ ಮೇಲೆ ಬರೆದ ಚಿತ್ರದ ಹಾಗೆ: ಪವರು ಏರಿಸಿದರೆ ಹಂದಿಯ ಜೊತೆಗೆ ಗೆರೆಯೂ ಹಿಗ್ಗುತ್ತದೆ, ಇಳಿಸಿದರೆ ಕುಗ್ಗುತ್ತದೆ. ಎರಡೂ ಒಂದೇ ಪ್ರಮಾಣದಲ್ಲಿ ಹಿಗ್ಗುವುದರಿಂದ ಗೆರೆಯ ಮೇಲಿನ ಅಳತೆಗುರುತುಗಳು ಯಾವ ಪವರಿನಲ್ಲೂ ಸರಿ. ನಾನೂರು ಐನೂರು ಗಜಕ್ಕೆ ಗುಂಡಿನ ಇಳಿತ ಲೆಕ್ಕ ಹಾಕಿ ಮೇಲೆ ಹಿಡಿದು ಹೊಡೆಯುವವರಿಗೆ ಇದು ಬೇಕೇ ಬೇಕು. ಆದರೆ 10ರಲ್ಲಿ ಓದಲು ಬರುವಂತೆ ಬರೆದ ಗೆರೆ 1ಕ್ಕೆ ಇಳಿದಾಗ ಹತ್ತರಲ್ಲಿ ಒಂದು ಪಾಲಾಗುತ್ತದೆ. ಕೂದಲೆಳೆಯಷ್ಟಾಗಿ, ಸೀಡರ್ ಪೊದೆಯ ನೆರಳಿನಲ್ಲಿ, ಕಪ್ಪು ಹಂದಿಯ ಮೇಲೆ ಕಾಣಿಸುವುದೇ ಇಲ್ಲ. ಆಗ ದೀಪವೇ ಗತಿ. ನಿನ್ನ 1-10 ಈ ಜಾತಿಯದು. ಎರಡನೆಯ ಬಗೆಯಲ್ಲಿ ಗೆರೆ ಯಾವಾಗಲೂ ಒಂದೇ ದಪ್ಪ. 1ರಲ್ಲೂ ಎದ್ದು ಕಾಣುತ್ತದೆ. ಅಳತೆಗುರುತುಗಳು ಮಾತ್ರ ಒಂದು ಪವರಿನಲ್ಲಿ, ಸಾಮಾನ್ಯವಾಗಿ ತುತ್ತತುದಿಯಲ್ಲಿ, ಸರಿ. ನಿನ್ನ .308 ಟಿಕ್ಕಾ ರೈಫಲಿಗೆ 100 ಗಜದಲ್ಲಿ ಗುರಿ ಕೂಡಿಸಿದರೆ 200 ಗಜದಲ್ಲಿ ಗುಂಡು ಇಳಿಯುವುದು ನಾಲ್ಕು ಇಂಚಿನ ಆಸುಪಾಸು. ಅಷ್ಟಕ್ಕೆ ಅಳತೆಗುರುತಿನ ಹಂಗು ಯಾಕೆ? ನಿನಗೆ ಎರಡನೆಯದೇ ಸರಿ. ರೇಜರ್ 1-6 ಹಾಗಿರುವುದೇ.

ತೂಕದಲ್ಲಿ 1-10 ಸೋಲುತ್ತದೆ ಎಂದು ಹೇಳಿಬಿಡಬಹುದಿತ್ತು, ಆದರೆ ಸುಳ್ಳಾಗುತ್ತದೆ. ನೀನೇ ಬರೆದಿದ್ದೀಯ, ಅದೂ ರೇಜರ್ 1-6 ಕೂಡ 21.5 ಔನ್ಸ್. ಆರುನೂರು ಗ್ರಾಂ ಮೇಲೆ. ಮೂರು ಕಿಲೋ ಆಸುಪಾಸಿನ ಟಿಕ್ಕಾದ ಮೇಲೆ ಅದು ಕಡಿಮೆ ಏನಲ್ಲ, ಇಡೀ ದಿನ ಹೆಗಲಿಗೆ ಹಾಕಿಕೊಂಡು ನಡೆದರೆ ಗೊತ್ತಾಗುತ್ತದೆ. ಪಟ್ಟಿಯ ಮೂರನೆಯದು, ಅಗ್ಗದ್ದು, ಇದಕ್ಕಿಂತ ಹಗುರ. ಅಗ್ಗದ್ದೆಂದು ಅದನ್ನು ಮೂಲೆಗೆ ತಳ್ಳಬೇಡ. ಅದರ 1ರಲ್ಲಿ ನಿನ್ನ ಕಣ್ಣು ಸಲೀಸಾಗಿ ಕೂತರೆ ಒಂದೇ ಒಂದು ಪರೀಕ್ಷೆ ಬಾಕಿ: ಮಧ್ಯಾಹ್ನ ಅಂಗಡಿಯ ಹೊರಗೆ, ಬಿಸಿಲು ಬಿದ್ದ ಬಿಳಿ ಗೋಡೆಯ ಮೇಲೆ ಅದರ ಕೆಂಪು ಚುಕ್ಕಿ ಕಾಣುತ್ತದೆಯೇ? ಒಳಗಿನ ದೀಪದಲ್ಲಿ ಎಲ್ಲದರ ಕೆಂಪೂ ಉರಿಯುತ್ತದೆ. ಟೆಕ್ಸಸ್ಸಿನ ಬಿಸಿಲಿಗೆ ಬಂದಾಗ ಎಷ್ಟೋ ಚುಕ್ಕಿ ಮಾಯ. (ಹೊರಗೆ ತರಬೇಕಾದರೆ ಕೋವಿಯ ಮೇಲಿನದು ಬೇಡ, ಬರೀ ಸ್ಕೋಪು ಕೇಳು. ಕೋವಿ ಹಿಡಿದು ಪಾರ್ಕಿಂಗಿಗೆ ಬಂದರೆ ಬೇರೆ ಕಥೆಯಾದೀತು.)

ಸಂಜೆಯ ಬೆಳಕಿನ ವಿಚಾರದಲ್ಲಿ ನಿನಗೆ ನಿರಾಸೆ ಮಾಡಲೇಬೇಕು. ಜಿಂಕೆಗೆ ಇಲ್ಲಿ ಸೂರ್ಯ ಮುಳುಗಿ ಅರ್ಧ ಗಂಟೆಯವರೆಗೆ ಹೊಡೆಯಲು ಅವಕಾಶ. ಒಳ್ಳೆಯ ಜಿಂಕೆಗಳು ಆ ಅರ್ಧ ಗಂಟೆಯಲ್ಲೇ ಹೊರಗೆ ಬರುತ್ತವೆ, ಅವಕ್ಕೂ ಗಡಿಯಾರ ಗೊತ್ತಿರಬೇಕು. ಮುಂದಿನ ಗಾಜಿನ ಅಗಲವನ್ನು ಪವರಿನಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ಕಂಬದ ಅಗಲ ಸಿಗುತ್ತದೆ. 24 ಮಿಲಿಮೀಟರಿನ ಗಾಜಿಗೆ 10 ಪವರಿನಲ್ಲಿ 2.4, ಆರರಲ್ಲಿ 4, ನಾಲ್ಕರಲ್ಲಿ 6. ಕತ್ತಲಿನಲ್ಲಿ ನಿನ್ನ ವಯಸ್ಸಿನವರ ಪಾಪೆ 7 ಮಿ.ಮೀ. ತನಕ ಅರಳುತ್ತದೆ, ನನ್ನದು ಐದಾದರೆ ಹೆಚ್ಚು. ಅಂದರೆ ಆ 10 ಪವರು ಹಗಲಿನ ಬಾಬತ್ತು. ಮಬ್ಬಿನಲ್ಲಿ ಜಿಂಕೆ ದೊಡ್ಡದಾಗಿ, ಕಪ್ಪಗೆ ಕಾಣುತ್ತದೆ, ಕೋಡು ಕಾಣುವುದಿಲ್ಲ. ಹೊತ್ತು ಮುಳುಗಿದ ಮೇಲೆ ಪವರನ್ನು ನಾಲ್ಕಕ್ಕೆ ಇಳಿಸು, ಕೆಂಪು ದೀಪವನ್ನು ಕಂಡೂ ಕಾಣದಷ್ಟಕ್ಕೆ ತಗ್ಗಿಸು. ದೀಪ ಜೋರಿದ್ದರೆ ನಿನ್ನ ಪಾಪೆಯೇ ಮುಚ್ಚಿಕೊಳ್ಳುತ್ತದೆ. ಕೊಳ್ಳುವಾಗ ತೀರ ಮಂದ ಹಂತಗಳು ಇವೆಯೇ ಎಂದೂ ನೋಡು, ಜನ ಇದನ್ನು ಮರೆತು ಬರೀ ಜೋರು ಬೆಳಕು ನೋಡುತ್ತಾರೆ. ನಡುರಾತ್ರಿಯ ಹಂದಿಗೆ ಈ ಯಾವ ಸ್ಕೋಪೂ ಆಗುವುದಿಲ್ಲ. ಅದಕ್ಕೆ ಥರ್ಮಲ್ ಬೇಕು, ಅದರ ಬೆಲೆ ಈಗ ಕೇಳಬೇಡ.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಪವರು ಕೈಯಲ್ಲಿದೆ ಎಂದು ಸ್ಕೋಪಿನಲ್ಲಿ ಊರು ನೋಡುವ ಚಟ ಅಂಟಿಸಿಕೊಳ್ಳಬೇಡ. ಪೊದೆ ಅಲ್ಲಾಡಿತು, ಏನೆಂದು ನೋಡೋಣ ಎಂದು ಕೋವಿ ಎತ್ತಿದರೆ, ಅಲ್ಲಿ ಬೇಲಿ ಸರಿಮಾಡುವ ಆಳು ಇದ್ದರೆ ಅವನ ಎದೆಗೆ ನಳಿಗೆ ಹಿಡಿದಂತಾಯಿತು. ನೋಡಲು ದುರ್ಬೀನು, ಹೊಡೆಯಲು ಸ್ಕೋಪು. 8×32 ದುರ್ಬೀನು ಒಂದು ಕುತ್ತಿಗೆಯಲ್ಲಿರಲಿ. ನನ್ನ ಹಳೆಯದನ್ನೇ ಒಯ್ಯಿ, ಪಟ್ಟಿ ಸವೆದಿದೆ, ಗಾಜು ಚೆನ್ನಾಗಿದೆ.

ಕೂರಿಸುವ ಕೆಲಸ ಇಲ್ಲಿಗೆ ಬಂದು ಮಾಡೋಣ, ಟಾರ್ಕ್ ಡ್ರೈವರ್ ನನ್ನ ಹತ್ತಿರ ಇದೆ. ರಿಂಗಿನ ಸ್ಕ್ರೂಗೆ 15ರಿಂದ 18 ಇಂಚ್-ಪೌಂಡ್ ಬಿಗಿ ಸಾಕು. ಕೈಬಲ ತೋರಿಸಿ ಬಿಗಿದರೆ ಕೊಳವೆ ಜಜ್ಜಿ ಒಳಗಿನ ಮಸೂರ ಹಿಡಿದುಕೊಳ್ಳುತ್ತದೆ. ಕಣ್ಣಿಗೂ ಸ್ಕೋಪಿಗೂ ನಾಲ್ಕಿಂಚು ಅಂತರ ಇರುವಂತೆ ಕೂರಿಸಬೇಕು, ಹಗುರವಾದ .308 ಹಿಂದಕ್ಕೆ ಒದ್ದರೆ ಹುಬ್ಬು ಸೀಳುತ್ತದೆ. ಬೋಲ್ಟ್ ತೆಗೆದು ನಳಿಗೆಯೊಳಗಿಂದ ನೋಡಿ 25 ಗಜದ ಹಾಳೆಗೆ ಮೊದಲು ಹೊಂದಿಸುವುದು, ಆಮೇಲೆ 100. ಗುರಿ ಸರಿಸುವ ಗುಬುಟಿನ ಕ್ಲಿಕ್ಕು ಎಷ್ಟರದ್ದೆಂದು ಅದರ ಟೋಪಿ ಬಿಚ್ಚಿ ನೋಡು: ಕಾಲು ಎಂಒಎ ಆದರೆ 100 ಗಜದಲ್ಲಿ ಒಂದು ಇಂಚು ಸರಿಸಲು ನಾಲ್ಕು ಕ್ಲಿಕ್ಕು, ಅರ್ಧದ್ದಾದರೆ ಎರಡು. 25 ಗಜದಲ್ಲಿ ಅದರ ನಾಲ್ಕು ಪಟ್ಟು. ಟೋಪಿ ಎಂದಾಗ ನೆನಪಾಯಿತು, ಟೋಪಿ ಇರುವುದನ್ನೇ ಕೊಳ್ಳು. ಮುಳ್ಳುಪೊದೆಗೆ ತಾಗಿ ತಿರುಗುವ ಬೋಳು ಗುಬುಟು ನಿನಗೆ ಬೇಡ.

ಸ್ಕೋಪಿಗಿಂತ ನನಗೆ ಹೆಚ್ಚು ಚಿಂತೆ ನಿನ್ನ ಲೈಸೆನ್ಸಿನದು. ಖಾಸಗಿ ಜಮೀನಿನಲ್ಲಿ ಮಾಲೀಕರ ಒಪ್ಪಿಗೆ ಇದ್ದರೆ ಕಾಡುಹಂದಿ ಹೊಡೆಯಲು ಲೈಸೆನ್ಸ್ ಬೇಕಿಲ್ಲ ಎಂದು 2019ರಲ್ಲಿ ಟೆಕ್ಸಸ್ ಕಾನೂನು ಮಾಡಿತು. ರಾಜ್ಯದಲ್ಲಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಹಂದಿ ಇದ್ದಾವೆಂದು ಅಂದಾಜು, ರೈತರು ರೋಸಿಹೋಗಿದ್ದಾರೆ. ನಿನ್ನ ಸಹೋದ್ಯೋಗಿ ಇದನ್ನೇ ನಂಬಿ “ಏನೂ ಬೇಡ, ಬಾ” ಎಂದಿದ್ದಾನೆ. ಅವನಿಗೆ ಬೇಡ. ನೀನು ಎಚ್-1ಬಿ. ಫೆಡರಲ್ ಕಾನೂನಿನಲ್ಲಿ ನಿನ್ನಂಥ ವೀಸಾದವರು ಕೋವಿ, ತೋಟಾ ಇಟ್ಟುಕೊಳ್ಳುವಂತೆಯೇ ಇಲ್ಲ. ಇರುವ ವಿನಾಯಿತಿಗಳಲ್ಲಿ ನಿನಗೆ ಒದಗುವುದು ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್. ಅಂದರೆ ಆ ಕಾಗದ ನಿನಗೆ ಹಂದಿ ಹೊಡೆಯುವುದಕ್ಕಿಂತ ಹೆಚ್ಚಾಗಿ ಕೋವಿಯನ್ನು ಮನೆಯಲ್ಲಿಡುವುದಕ್ಕೇ ಬೇಕು. ಟೆಕ್ಸಸ್ ಲೈಸೆನ್ಸ್ ಆಗಸ್ಟ್ 31ಕ್ಕೆ ಮುಗಿಯುತ್ತದೆ. ಈಗ ಸೆಪ್ಟೆಂಬರ್. ಹೊಸದು ಮಾಡಿಸಿದೆಯಾ? ಮಾಡಿಸಿಲ್ಲದಿದ್ದರೆ ಈ ಕಾಗದ ಇಲ್ಲಿಗೇ ಮಡಿಚಿಟ್ಟು ಮೊದಲು ಅದನ್ನು ಮಾಡು. ನಿನ್ನ ಕಂಪನಿಯ ವಲಸೆ ವಕೀಲರನ್ನೂ ಒಂದು ಮಾತು ಕೇಳು, ಗ್ರೀನ್ ಕಾರ್ಡಿನ ಅರ್ಜಿ ಹಾಕಿರುವವಳು ನೀನು.

ಊರಿನಲ್ಲಿ ಸುರೇಶಣ್ಣನಿಗೂ ಒಂದು ಸ್ಕೋಪು ಒಯ್ಯಲೇ ಎಂದು ಕೇಳಿದ್ದೀಯಲ್ಲ, ಖಂಡಿತ ಬೇಡ. ರೈಫಲ್ ಸ್ಕೋಪು ಅಮೆರಿಕದ ರಫ್ತು ನಿಯಂತ್ರಣದ ಪಟ್ಟಿಯಲ್ಲಿರುವ ವಸ್ತು. ಸೂಟ್‌ಕೇಸಿನಲ್ಲಿ ಸೀರೆಯ ಮಧ್ಯೆ ಸುತ್ತಿಟ್ಟು ಹೊರಡುವಂಥದ್ದಲ್ಲ. ಅವನ ಹತ್ತಿರ ಇರುವುದೋ ಬೆಳೆ ರಕ್ಷಣೆಯ ಲೈಸೆನ್ಸಿನ ಒಂಟಿನಳಿಗೆ ತೋಟಾಕೋವಿ, ಚುನಾವಣೆ ಬಂದಾಗಲೆಲ್ಲ ಠಾಣೆಗೆ ಒಪ್ಪಿಸಿ ರಸೀದಿ ತರುವಂಥದ್ದು. ಗದ್ದೆಗೆ ಇಳಿದ ಹಂದಿಯನ್ನು ಹೆದರಿಸಲು ಅವನು ಆಕಾಶಕ್ಕೆ ಹೊಡೆಯುತ್ತಾನೆ. ಆಕಾಶಕ್ಕೆ ಸ್ಕೋಪು ಯಾಕೆ? ಅವನಿಗೆ ಒಳ್ಳೆಯ ಹೆಡ್‌ಲ್ಯಾಂಪ್ ಒಯ್ಯಿ, ಹರಸುತ್ತಾನೆ. ಮತ್ತೆ, ಕೋವಿ ಕೊಂಡಿರುವುದನ್ನು ಅಕ್ಕನಿಗೆ ನೀನೇ ಹೇಳು. ನನ್ನ ಬಾಯಿಂದ ಹೊರಬಿದ್ದರೆ ನಾನೇ ಕೊಡಿಸಿದೆ ಎಂದು ನನ್ನ ಮೇಲೆ ಬರುತ್ತಾಳೆ.

ಒಟ್ಟಿನಲ್ಲಿ ಮುಂದಿನ ಶನಿವಾರ ಅಂಗಡಿಗೆ ಹೋಗಿ ಎರಡು 1-6ನ್ನೂ ಹೇಳಿದಂತೆ ಎತ್ತಿ ನೋಡು. ರೇಜರ್ ಕಣ್ಣಿಗೆ ಕೂತರೆ ಅದೇ ಆಗಲಿ. ಅಗ್ಗದ್ದು ಅಷ್ಟೇ ಚೆನ್ನಾಗಿ ಕೂತು, ಬಿಸಿಲಲ್ಲಿ ಚುಕ್ಕಿ ಕಂಡರೆ ಅದನ್ನೇ ತಗೊಂಡು, ಉಳಿದ ದುಡ್ಡಿಗೆ ತೋಟಾ ಕೊಂಡು ಹೊಡೆದು ಅಭ್ಯಾಸ ಮಾಡು. 1-10ನ್ನೂ ಒಮ್ಮೆ ಎತ್ತಿ ನೋಡು, ಬೇಡ ಎನ್ನುವುದಿಲ್ಲ. ನೋಡುವಾಗ ಅದನ್ನು 1ಕ್ಕಿಟ್ಟು ದೀಪ ಆರಿಸಿ ನೋಡು. ಏನು ಕೊಂಡರೂ ಪೆಟ್ಟಿಗೆ, ಬಿಲ್ಲು ಎಸೆಯಬೇಡ. ರಿಂಗು ಕೊಳ್ಳುವಾಗ 30 ಮಿ.ಮೀ. ಎಂದು ಎರಡು ಸಲ ಓದಿ ತಗೋ, 34ರದ್ದೂ ಅದೇ ಗೂಟಕ್ಕೆ ನೇತುಹಾಕಿರುತ್ತಾರೆ.

ನಿನ್ನ
ಮಾವ